ಹನ್ನೆರಡನೆಯ ಕುರ್ಚಿ

ಸಿದ್ದಾಪುರದ ಮೈದಾನಕ್ಕೆ ಮೂರು ಕಡೆ ಬೇಲಿ,
ನಾಲ್ಕನೆಯ ಕಡೆ ಕಾಫಿ ತೋಟ.
ಹೂಮಳೆ ಬಿದ್ದು ಅವತ್ತಿಗೆ ಒಂಬತ್ತನೆಯ ದಿನ,
ಗಿಡಗಳೆಲ್ಲ ಬೆಳ್ಳಗೆ.
ಆ ಪರಿಮಳ ಮೂಗಿಗೆ ತಾಗಿದರೆ ಇವತ್ತಿಗೂ
ನನಗೆ ನಾಚಿಕೆಯಾಗುತ್ತದೆ.

ನಮ್ಮ ಚರ್ಚಿನ ಹುಡುಗರಿಗೂ ಅಮ್ಮತ್ತಿಯವರಿಗೂ ಪಂದ್ಯ.
ಒಂದು ಗೋಲು ಹಿಂದೆ, ಉಳಿದದ್ದು ಎರಡು ನಿಮಿಷ.
ಚೆಂಡು ಸಾಕಿದ ನಾಯಿಯ ಹಾಗೆ
ನನ್ನ ಸ್ಟಿಕ್ಕಿನ ತುದಿಗೇ ಅಂಟಿಕೊಂಡಿತ್ತು.
ಒಬ್ಬನನ್ನು ದಾಟಿದೆ. ಇನ್ನೊಬ್ಬನನ್ನು ದಾಟಿದೆ.
ಬಲಗಡೆ ಸಿಪ್ರಿಯನ್, ಸುತ್ತ ಯಾರೂ ಇಲ್ಲ,
'ಕೊಡೋ ಲಿಗೋರಿ, ಕೊಡೋ' ಎಂದು
ಸ್ಟಿಕ್ಕಿನಿಂದ ನೆಲ ಬಡಿಯುತ್ತಿದ್ದ.
ಕೇಳಿಸಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ.
ಕೇಳಿಸಿತ್ತು.

ನಾನು ಹೊಡೆದದ್ದು ಕಂಬದ ಮೇಲೆ ಹಾರಿ ತೋಟಕ್ಕೆ ಬಿತ್ತು.
ಹುಡುಕಲು ಹೋದವನು ಇನ್ನಾಸಿ.
ಹೋಗುವವನು ಯಾವಾಗಲೂ ಇನ್ನಾಸಿಯೇ.
ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು,
ಮೂರು ವರ್ಷದಲ್ಲಿ ಆಡಿದ್ದು ಹನ್ನೊಂದು ನಿಮಿಷ.
ಸುಣ್ಣದ ಗೆರೆ ಎಳೆಯುವವನು, ನಿಂಬೆಹಣ್ಣು ಹೆಚ್ಚಿಡುವವನು,
ಭಾನುವಾರ ಗಂಟೆಯ ಹಗ್ಗಕ್ಕೂ ಅವನದೇ ಕೈ.
ತಲೆ ತುಂಬ ಬಿಳಿ ಹೂ ಮೆತ್ತಿಕೊಂಡು ಅವನು ಬರುವಷ್ಟರಲ್ಲಿ
ಸೀಟಿ ಊದಿಯಾಗಿತ್ತು.
'ಸಿಕ್ಕಿತು!' ಎಂದ, ಗೆದ್ದವನ ಹಾಗೆ ನಗುತ್ತ.

ಐದು ದಿನ ಕಳೆದು ಪವಿತ್ರ ಗುರುವಾರ.
ಪಾದ ತೊಳೆಸಿಕೊಳ್ಳಲು ಹನ್ನೆರಡು ಮಂದಿ ಬೇಕು.
ಫಾದರ್ ಎವರಿಸ್ಟ್ ಸುಮ್ಮನಿರುವ ಆಸಾಮಿಯಲ್ಲ:
'ಈ ಸಲ ಹಿರಿಯರು ಬೇಡ, ಸೋತವರು ಬರಲಿ.'
ಪೀಠದ ಕೆಳಗೆ ಹನ್ನೆರಡು ಕುರ್ಚಿ, ಕೂತವರು ಹನ್ನೊಂದು.
ಬಲಗಾಲಿನ ಚಪ್ಪಲಿ ಬಿಚ್ಚಿದೆವು.
ವರ್ಕಿಯ ಕಪ್ಪುಗಟ್ಟಿದ ಉಗುರು,
ಚೌರಪ್ಪನ ಹಿಮ್ಮಡಿಯಲ್ಲಿ ಒಡೆದ ಗುಳ್ಳೆ,
ಸಿಪ್ರಿಯನ್ನನ ಕಾಲಲ್ಲಿ ನೇರಳೆ ಹಣ್ಣಿನಂಥ ಊತ.
ನನ್ನದೊಂದು ಮಾತ್ರ ಗೀರೂ ಇಲ್ಲದೆ
ಹೊಸ ಮೇಣದಬತ್ತಿಯ ಹಾಗಿತ್ತು.

'ಹನ್ನೆರಡನೆಯವನು ಎಲ್ಲಿ?'
ತಿರುಗಿ ನೋಡಿದೆವು.
ಹೆಗಲ ಮೇಲೆ ಟವೆಲು, ಕೈಯಲ್ಲಿ ತಂಬಿಗೆ,
ಕಂಬಕ್ಕೊರಗಿ ನಿಂತಿದ್ದ ಇನ್ನಾಸಿ.
'ನಾನು ಕೂತರೆ ನೀರು ಯಾರು ಹಾಕ್ತಾರೆ ಫಾದರ್?'

ಯಾರೂ ಮಾತಾಡಲಿಲ್ಲ. ನನಗೆ ಮಾತ್ರ
ಬಲಗಡೆ ಎಲ್ಲೋ ಸ್ಟಿಕ್ಕು ನೆಲ ಬಡಿದ ಸದ್ದು.
ಎದ್ದೆ. ತಂಬಿಗೆ ಕಸಿದುಕೊಂಡೆ ಅಂದರೂ ಸರಿಯೇ,
ಕೊಡಲು ಬಾರದವನಿಗೆ ಕೇಳಲು ಎಲ್ಲಿ ಬರುತ್ತದೆ?
ಅವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ.

ಹಾಗಾಗಿ ಮತ್ತೆ ಹನ್ನೊಂದೇ.
ಉಪದೇಶಿಗಳು ಬೆರಳು ಮಡಚಿ ಎಣಿಸಿ ಕೆಮ್ಮಿದರು.
ಅಷ್ಟರಲ್ಲಿ ಫಾದರ್ ಮಂಡಿಯೂರಿಯಾಗಿತ್ತು.
ಜಾಸ್ತಿ ಸುರಿದರೆ ಅವರ ನಿಲುವಂಗಿ ಒದ್ದೆ,
ಕಡಿಮೆಯಾದರೆ ಮಣ್ಣು ಹೋಗದು.
ಇನ್ನೊಬ್ಬನ ಕೈ ಎಲ್ಲಿದೆ ನೋಡಿ ನೀರು ಬಿಡಬೇಕು.
ಇಷ್ಟೇ ಕಣ್ರೀ, ಪಾಸು ಕೊಡುವುದೆಂದರೆ.
ಸಿಪ್ರಿಯನ್ನನ ಮುಂದೆ ತಲೆಯೆತ್ತಲಿಲ್ಲ.
'ತಣ್ಣಗಿದೆ ಮಾರಾಯ' ಎಂದ ಮೆಲ್ಲಗೆ,
ಐದು ದಿನದಲ್ಲಿ ಅವನು ನನಗಾಡಿದ ಮೊದಲ ಮಾತು.
ಇನ್ನಾಸಿಯ ಬೆರಳ ಸಂದಿಯಲ್ಲಿ ಸುಣ್ಣ,
ಎಷ್ಟು ಉಜ್ಜಿದರೂ ಹೋಗಲಿಲ್ಲ.
ಫಾದರ್ ಅದರ ಮೇಲೆಯೇ ಮುತ್ತಿಟ್ಟರು.

ಈಸ್ಟರ್ ಕಳೆದು ಮತ್ತೊಂದು ಪಂದ್ಯ.
ಡೀ ಒಳಗೆ ಚೆಂಡು ಸಿಕ್ಕಿತು. ತಲೆಯೆತ್ತಿ ನೋಡಿದೆ. ಕೊಟ್ಟೆ.
ಬೆಣ್ಣೆಯಂಥ ಪಾಸು, ನಾನೇ ಹೇಳಿಕೊಳ್ಳಬೇಕು.
ಸಿಪ್ರಿಯನ್ ಬೀಸಿದ; ಕಂಬದ ಮೇಲೆ ಹಾರಿ
ಹೂವುದುರಿದ ತೋಟಕ್ಕೆ ಬಿತ್ತು.
ಇನ್ನಾಸಿ ಎದ್ದು ಹೊರಟ.
'ನಿಲ್ಲೋ' ಎನ್ನುತ್ತ ನಾನೂ ಹಿಂದೆ ಓಡಿದೆ.
ಗಿಡದ ಬುಡ ಬುಡ ಬಗ್ಗಿ ನೋಡಿದೆವು,
ಕೂದಲಿಗೆ ಒಣಗಿದ ಎಸಳು, ಕುತ್ತಿಗೆಗೆ ಇರುವೆ.
'ಸಿಕ್ಕಿತಾ?' ಮೈದಾನದಿಂದ ಹತ್ತು ದನಿ.
'ಇನ್ನೂ ಇಲ್ಲ' ಎಂದೆವು
ಇಬ್ಬರೂ, ಒಟ್ಟಿಗೇ.