ಎರಡು ಲೀಟರು ನಾನೂರು

ಕಾವಲಿನ ಮೈಲಾರಿ ಒಮ್ಮೆ ಕೇಳಿದ್ದ:
‘ಟ್ರಿಗರ್ ಅಂದ್ರೆ ಕೋವಿ ಕುದುರೆ ಅಲ್ವೇನ್ರಿ ಮೇಡಂ?’
ಹೌದು ಮೈಲಾರಿ, ಕುದುರೆಯೇ.
ಬೆರಳು ಬೇಡದ ಕುದುರೆ.
ಸೊರಬದ ಪಟ್ಟಿಯೊಳಗೆ ಒಂದು ಸಾಲು ಬಿದ್ದರೆ ಸಾಕು,
ತಾನೇ ಜೀನು ಬಿಗಿದುಕೊಂಡು
ಅದೇ ಸಾಲನ್ನು ಬೆನ್ನಿಗೆ ಹೇರಿಕೊಂಡು
ಶಿವಮೊಗ್ಗದ ಈ ಪೆಟ್ಟಿಗೆಯವರೆಗೆ ಓಡಿ
ಇಳಿಸಿ
ಮತ್ತೆ ಲಾಯದಲ್ಲಿ ಕಣ್ಣು ಮುಚ್ಚಿ ನಿಲ್ಲುವುದು.

ಬರೆದವಳು ನಾನೇ.
ಏಳು ಸಾಲಿನ ಕೋಡು, ಒಂದು ಶನಿವಾರ ಮಧ್ಯಾಹ್ನ,
ಮಂಡಕ್ಕಿ ತಿನ್ನುತ್ತ.
ಕೀಬೋರ್ಡಿನ ಸಂದಿಯಲ್ಲಿ ಇನ್ನೂ ಇದೆ
ಒಂದು ಶೇಂಗಾ ಸಿಪ್ಪೆ.
ಆಮೇಲೆ ಅನ್ನಿಸಿತು:
ಅಲ್ಲಿಂದ ಬರುವುದಷ್ಟೇ ಯಾಕೆ,
ಇಲ್ಲಿ ಬಿದ್ದದ್ದೂ ಅಲ್ಲಿಗೆ ಹೋಗಲಿ,
ಎರಡೂ ಊರಿನ ಹಾಲಿನ ಲೆಕ್ಕ ಒಂದೇ ಇರಲಿ.
ಗುರುವಾರ ಸಂಜೆ ಏಳಕ್ಕೆ
ಇಲ್ಲಿಯೂ ಕಟ್ಟಿದೆ ಇನ್ನೊಂದು ಕುದುರೆ.
ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದೆ.

ಏಳು ಇಪ್ಪತ್ತಕ್ಕೆ
ಡೇರಿಯ ಬಾಗಿಲು ಅರ್ಧ ಎಳೆದಾಗಿತ್ತಂತೆ.
ಗುತ್ಯಮ್ಮ ಬಂದಳು, ಯಾವತ್ತಿನಂತೆ ಕೊನೆಯವಳು.
ಎಮ್ಮೆ ಒದ್ದು ಅರ್ಧ ಚೆಲ್ಲಿತ್ತು.
ಎರಡು ಲೀಟರು ನಾನೂರು,
ಜಿಡ್ಡು ಆರು ಪಾಯಿಂಟ್ ಎರಡು.
ಕಾರ್ಯದರ್ಶಿ ತುಂಗಪ್ಪ ಎಂಟರ್ ಒತ್ತಿದ.

ಸೊರಬದ ಕುದುರೆ ಹೊರಟಿತು,
ಶಿವಮೊಗ್ಗದಲ್ಲಿ ಇಳಿಸಿತು.
ಇಳಿದದ್ದು ಹೊಸ ಸಾಲು ಎಂದು
ಶಿವಮೊಗ್ಗದ ಕುದುರೆ ಹೊತ್ತು ಹೊರಟಿತು,
ಸೊರಬದಲ್ಲಿ ಇಳಿಸಿತು.
ಇಳಿದದ್ದು ಹೊಸ ಸಾಲು ಎಂದು

ಶಿಕಾರಿಪುರ, ಶಿರಾಳಕೊಪ್ಪ ಮಲಗಿದವು.
ಮೂರು ಸೆಕೆಂಡಿಗೆ ಒಂದು ಸುತ್ತು.
ಒಂದಕ್ಕೂ ಬೆವರಿಲ್ಲ, ಒಂದಕ್ಕೂ ಅನುಮಾನವಿಲ್ಲ.
ಪ್ರತಿ ಸಲವೂ ಹೊಸ ಕ್ರಮಸಂಖ್ಯೆ,
ಪ್ರತಿ ಸಲವೂ ಅದೇ ಗುತ್ಯಮ್ಮ, ಅದೇ ಚೆಲ್ಲಿ ಉಳಿದ ಹಾಲು.
ಬೆಳಗಿನ ಆರಕ್ಕೆ ಹತ್ತು ನಿಮಿಷ ಇದ್ದಾಗ
ಹನ್ನೆರಡು ಸಾವಿರದ ಆರುನೂರು ಸಾಲು.
ಒಂದು ಎಮ್ಮೆ, ಒಂದು ರಾತ್ರಿ,
ಮೂರು ಟ್ಯಾಂಕರು.

ಆರಕ್ಕೆ ಮೊಬೈಲಿಗೆ ಸಂದೇಶ ಹೋಗಿದೆ:
‘ಮಾನ್ಯರೇ, ನೀವು ಹಾಕಿದ ಹಾಲು 30,240 ಲೀಟರ್.’
ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಓದಿ ಹೇಳಿದರಂತೆ.
ಫೋನು ನನಗೇ ಬಂತು.

‘ಅಲ್ಲ ತಂಗಿ, ನಿನ್ನೆ ಎಮ್ಮೆ ಒದ್ದಿತ್ತು.
ಯಾರ್ ಮನೇದೋ ನನ್ ಹೆಸರಿಗೆ ಬರ್ದೀರಿ,
ಅವ್ರಿಗೆ ಕೊಟ್ಬಿಡಿ ಪಾಪ.
ನಂದು ಎರಡು ಲೀಟ್ರು ನಾನೂರು.
ಚೆಲ್ಲಿದ್ದನ್ನ ಸೇರಿಸಬ್ಯಾಡಿ.’

ಯಾರ ಮನೆಯದೂ ಅಲ್ಲಮ್ಮ ಎನ್ನಲು
ಬಾಯಿ ಬರಲಿಲ್ಲ.

ನಮ್ಮ ಓಣಿಯಲ್ಲಿ ಹೆಪ್ಪು ಕೇಳಿಕೊಂಡು
ಜೈಬುನ್ನಿಸಾ ಬರುತ್ತಾಳೆ, ಲೋಟದ ತಳದಷ್ಟು.
ನಾನು ತಂದದ್ದು ಎದುರುಮನೆಯ ಸಾವಂತ್ರಮ್ಮನಿಂದ,
ಅವಳು ಯಾರಿಂದಲೋ.
ಮೊದಲ ಮೊಸರು ಯಾರ ಮನೆಯದೆಂದು
ಯಾರೂ ಕೇಳಿದ್ದಿಲ್ಲ, ಕೇಳಬೇಕಾಗಿಲ್ಲ:
ಹೆಪ್ಪು ಪಾತ್ರೆಯ ಕಂಠಕ್ಕೆ ನಿಲ್ಲುತ್ತದೆ.
ಅದಕ್ಕೆ ಗೊತ್ತು ಸಾಕು ಎನ್ನುವುದು.
ನನ್ನ ಕುದುರೆಗೆ ನಾನದನ್ನು ಹೇಳಿರಲಿಲ್ಲ.

ಒಂದು ಅಂಕಣ ಸೇರಿಸಿದೆ: ಬಂದ ಊರು.
ಒಂದು ಮಾತು ಸೇರಿಸಿದೆ:
ಬಂದ ಊರಿಗೇ ಹೊರಬೇಡ.
ಆಮೇಲೆ ಅಳಿಸುವ ಕೆಲಸ.
ಹುಟ್ಟಿದ್ದನ್ನಷ್ಟೇ ಹೊರುವ ಕುದುರೆಗಳು ಇವು,
ಅಳಿದದ್ದರ ಸುದ್ದಿ ಒಯ್ಯುವುದಿಲ್ಲ.
ಇಲ್ಲಿ ಅಳಿಸಿ, ಅಲ್ಲಿಯೂ ಕೈಯಾರೆ ಅಳಿಸಿ,
ಯಾವುದು ನಿಜದ್ದು ಎಂದು ನೋಡಿದರೆ
ಎಲ್ಲವೂ ನಿಜದ್ದರ ಹಾಗೇ ಇವೆ.
ಎರಡೂ ಕಡೆ ಎಲ್ಲಕ್ಕಿಂತ ಸಣ್ಣ ಸಂಖ್ಯೆಯದನ್ನು ಉಳಿಸಿದೆ.

ಶುಕ್ರವಾರ ಸಂಜೆ ಮನೆಗೆ ಹೋಗಲಿಲ್ಲ.
ಮೈಲಾರಿ ಸ್ಟೂಲು ಎಳೆದುಕೊಂಡು ಕೂತ.
ಏಳು ಹದಿನೆಂಟಕ್ಕೆ ಒಂದು ಸಾಲು ಬಂತು.
ಮೂರು ಸೆಕೆಂಡು ಎಣಿಸಿದೆವು.
ಆರು.
ಒಂಬತ್ತು.
ಎರಡನೆಯದು ಬರಲಿಲ್ಲ.
‘ನಿಂತ್ವಾ ಕುದುರೆ?’ ಅಂದ ಮೈಲಾರಿ.
ನಾನು ಸಾಲನ್ನೇ ನೋಡುತ್ತಿದ್ದೆ:
ಗುತ್ಯಮ್ಮ. ನಾಲ್ಕು ಲೀಟರು ಒಂಬೈನೂರು.
ಇವತ್ತು ಎಮ್ಮೆ ಒದ್ದಿಲ್ಲ.