ಮೂರನೇ ತೂತು

ಗಂಜಿನ ಹಿಂದ, ಹಮಾಲರು ಉಣ್ಣೋ ಖಾನಾವಳಿಗಿ
ಒಂದೂವರೆ ಟನ್ನಿನ ಏಸಿ ಬಂತು, ಟಂಟಂದಾಗ.
ಗಿರಾಕಿಗಿ ಅಲ್ಲರಿ.
ನಸುಕಿನ ನಾಲ್ಕರಿಂದ ಒಲಿ ಮುಂದ
ರೊಟ್ಟಿ ಬಡಿಯೋ ಆರು ಮಂದಿ ಹೆಣ್ಮಕ್ಕಳು
ಮಧ್ಯಾಹ್ನ ಹಿಂದಿನ ಖೋಲ್ಯಾಗ ಒಂದ್ ತಾಸು ಅಡ್ಡಾಗ್ತಾರಲ್ಲ,
ಅವರಿಗಿ.
ಜಗದೇವಿ ಚೀಟಿ ಎತ್ತಿ ತಂದಾಳ.
"ಇವತ್ತೇ ಚಾಲೂ ಮಾಡು ಖಾಜಪ್ಪ, ನಲವತ್ನಾಕು ಡಿಗ್ರಿ ಅದ.
ಕೂಲರಿನ ಪ್ಲಗ್ ಅದಲ್ಲ, ಅದಕ್ಕೇ ಚುಚ್ಚು."

ಬೋರ್ಡು ಬಿಚ್ಚಿದೆ.
ಒಂದೂವರೆ ಎಂಎಂ ವೈರು, ಬಿಸಲಿಗಿ ಬಿರಿದ ತುಟಿ ಹಾಂಗ ಅದರ ತೊಗಲು,
ನಡುವ ಎರಡು ಜಾಯಿಂಟು, ಮ್ಯಾಲ ಪುಸ್ತಕಕ್ಕ ಹಚ್ಚೋ ಟೇಪು.
ಮೂರು ತೂತಿನ ಸಾಕೆಟ್ಟು.
ಮ್ಯಾಲಿನ ದೊಡ್ಡ ತೂತಿನ ಹಿಂದ ಏನೂ ಇಲ್ಲ.
ಹಸಿರು ವೈರು ಗೇಣುದ್ದ ಕತ್ತರಿಸಿ, ಮಡಚಿ, ಒಳಗ ತುರುಕಿದ್ರು.
ಬಿಲ್ಲಿನ್ಯಾಗ ಮಾತ್ರ ಯಾವನೋ ಬರದಿದ್ದ:
ಅರ್ಥಿಂಗ್, ಸಾವಿರದ ಎಂಟ್ನೂರು.

"ಅಕ್ಕಾ, ಈ ಮನಿಗಿ ಅರ್ಥ್ ಇಲ್ಲ."
"ನಮ್ಮ ಮಾತಿಗೇ ಅರ್ಥಿಲ್ಲ ಅಂತಾರ ಮಂದಿ,
ಮನೀದೇನ್ ತಗೀತಿ?"
ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೂಲರಿನ ತಗಡು ತೋರಿಸಿದೆ. ಮುಟ್ಟಿದ್ರ?
"ಚುರುಕ್ ಅಂತದ. ಬ್ಯಾಸಗಿ ಪೂರ್ತಿ ಅಂತದ.
ಚಪ್ಪಲಿ ಹಾಕ್ಕೊಂಡು, ಹಿಂಗ, ಮುಂಗೈಲೆ ಮುಟ್ಟಬೇಕು."
ತಿಪ್ಪವ್ವ ಕಲಿಸಿದಳು ನನಗ,
ಹಂಚಿನ ಮ್ಯಾಲ ರೊಟ್ಟಿ ತಿರುವೋದು ಕಲಿಸಿದಾಂಗ.

ಆ ಚುರುಕ್ ಅಂದ್ರ
ಕರೆಂಟು ನೆಲಕ್ಕ ದಾರಿ ಕೇಳ್ಲಾಕತ್ತದ, ತಾಯಿ.
ಹಸಿ ನೆಲ, ಬರಿಗಾಲು ಸಿಕ್ಕ ದಿನ
ಕೇಳೋದು ಬಿಟ್ಟು ಹೊಂಟೇ ಬಿಡ್ತದ.
ನಮ್ಮ ಓಣ್ಯಾಗ ಮಹಾನಂದಾ ಅಂತ ಒಬ್ಬಾಕಿ
ಕೂಲರಿಗಿ ನೀರು ಹಾಕಾಕ ಹೋಗಿ...
ಇರ್ಲಿ. ಊಟದ ಹೊತ್ತು.

"ಇವತ್ತ ಆಗಲ್ಲ" ಅಂದೆ.
ಜಗದೇವಿ ಮಾರಿ ಕಾದ ಹಂಚಾತು.

ಹಿತ್ತಲದಾಗ ಗುಂಡಿ ಹಿಡಿದೆ.
ಮೂರು ಫೂಟು ಎರಿ ಮಣ್ಣು, ಬೆಣ್ಣಿ.
ಆಮ್ಯಾಲ ಶಹಾಬಾದಿ ಕಲ್ಲು, ಹಾಳಿ ಮ್ಯಾಲ ಹಾಳಿ,
ಯಾರೂ ತೆರೆಯದ ಕಿರ್ದಿ ಪುಸ್ತಕ.
ಹಾರಿ ಖಣ್ ಅಂತು. ಬೆವರು ಕಣ್ಣಾಗ ಇಳೀತು.
ಉಂಡು ಎಲಡಿಕಿ ಹಾಕ್ಕೊಂಡ ಹಮಾಲರಿಬ್ಬರು ಬಂದು
"ಸರೀ" ಅಂದ್ರು. ಸರಿದೆ.
ಏಳು ಫೂಟಿಗಿ ತಂಪು ಹತ್ತಿತು.

ತಾಮ್ರದ ಪ್ಲೇಟು ಇಳಿಸಿದೆ. ಇದ್ದಲಿ ಬೇಕು ಅಂದೆ;
ಅವರ ಒಲೀದೇ ಬಂತು, ಪುಟ್ಟಿ ತುಂಬ.
ಉಪ್ಪು ಅಂದೆ; ಜಗದೇವಿ ತಡದಳು.
ದೀಪ ಹಚ್ಚೋ ಹೊತ್ತಿನ್ಯಾಗ ಉಪ್ಪು ಮನೀಂದ ಹೊರಗ ಕೊಡಬಾರದು.
"ಹೊರಗ ಎಲ್ಲಿ ಕೊಡ್ತಿ," ಅಂದಳು ತಿಪ್ಪವ್ವ,
"ಕೆಳಗ ಕೊಡ್ತಿ."
ಅಂದು, ಚೀಲಾನೇ ಸುರುವಿದಳು.

ಮರುದಿನ ಮೀಟರಿನಿಂದ ಬ್ಯಾರೇ ಲೈನು,
ನಾಲ್ಕು ಎಂಎಂ ತಾಮ್ರ, ನಡುವ ಒಂದೂ ಗಂಟಿಲ್ಲ.
ಅದಕ್ಕಂತ ಇಪ್ಪತ್ತು ಆಂಪಿನ ಎಂಸಿಬಿ.
ಸ್ಕ್ರೂ ಬಿಗಿದು, ವೈರು ಎಳೆದು ನೋಡಿ, ಮತ್ತ ಬಿಗಿದೆ.
ಫೇಸಿಗೂ ಅರ್ಥಿಗೂ ನಡುವ ನೂರರ ಬಲ್ಬು ಹಿಡಿದೆ.
ನಿನ್ನೆ ಅದರ ತಂತಿ ಕೆಂಪಗೂ ಆಗಿರಲಿಲ್ಲ.
ಇವತ್ತ ಖೋಲಿ ತುಂಬ ಬೆಳಕು.
ತಿಪ್ಪವ್ವ ಕೈ ಮುಗಿದಳು,
ಬಲ್ಬಿಗೋ, ಹಿತ್ತಲದ ಗುಂಡಿಗೋ.

ಏಸಿ ಬೆವರಿದ ನೀರಿನ ಪೈಪು
ಒಂದ್ ಬೆರಳು ಇಳಿಜಾರು ಕೊಟ್ಟು ಆ ಗುಂಡಿಗೇ ಬಿಟ್ಟೆ.
ಒಣಗಬಾರದು ಅದು.
ಬ್ಯಾಸಗ್ಯಾಗ ನೆಲಕ್ಕೂ ನೀರಡಿಕಿ.

ನಾಲ್ಕು ದಿನ ಬಿಟ್ಟು ರೊಕ್ಕ ಇಸ್ಕೊಳ್ಳಾಕ ಹೋದೆ.
ಇಪ್ಪತ್ತಾರಕ್ಕ ಇಟ್ಟು, ಚಾದರ ಹೊದ್ದು ಮಲಗ್ಯಾರ,
ಉಗುರಿನ್ಯಾಗ ಇನ್ನೂ ಜ್ವಾಳದ ಹಿಟ್ಟು.
ಹಿತ್ತಲದಾಗ ಹನಿ ಬೀಳೋ ಸಪ್ಪಳ, ಟಪ್, ಟಪ್.
ಬಾಗಿಲ ಮುಂದ ಚಪ್ಪಲಿ ಐದು ಜೊತಿ.
ಮತ್ತೊಮ್ಮಿ ಎಣಿಸಿದೆ.

ಗ್ವಾಡಿ ಕಡಿ ಮಾರಿ ಮಾಡಿ
ತಿಪ್ಪವ್ವ ನಿದ್ದಿ ಹೊಡೀಲಾಕತ್ತಾಳ,
ಚಪ್ಪಲಿ ಕಾಲಾಗೇ.

ಎಬ್ಬಿಸಲಿಲ್ಲ.