ಎಡಕ್ಕೆ ಮಾತ್ರ

ಭಾನುವಾರ ಮಧ್ಯಾಹ್ನ ಎರಡಕ್ಕೆಲ್ಲ
ಕೋಲಾರದ ಟೊಮೆಟೊ ಮಂಡಿ ಗಂಟಲು ಆರಿಸಿಕೊಳ್ಳುತ್ತದೆ.
ತಗಡಿನ ಚಾವಣಿಯ ಕೆಳಗೆ ಹುಳಿವಾಸನೆ,
ಮೇಯಲು ನುಗ್ಗಿದ ಎರಡು ಹಸು, ನಾವು ಒಂಬತ್ತು ಮಂದಿ.
ಒಳಗೆ ನೀಲಿ ಕ್ರೇಟು, ಹೊರಗೆ ಕೆಂಪು,
ನಡುವೆ ಮೊಟ್ಟೆಯಾಕಾರದ ದಾರಿ.
ಓಟ ಒಂದೇ ಸುತ್ತಿಗೆ.
ತಿರುವು ಎಡಕ್ಕೆ ಮಾತ್ರ.

ಅದಕ್ಕೇ ಶನಿವಾರ ರಾತ್ರಿ
ತೂಕದ ಕೋಣೆಯ ಟ್ಯೂಬ್‌ಲೈಟಿನಡಿ
ಮೊಳದುದ್ದದ ನನ್ನ ಲಾರಿಯನ್ನು ಬಿಚ್ಚಿ ಕೂತೆ.
ಹಗಲೆಲ್ಲ ಇಲ್ಲಿ ಹತ್ತು ಚಕ್ರದವು ಬಂದು ನಿಲ್ಲುತ್ತವೆ,
ಟನ್ನುಗಳ ಲೆಕ್ಕ ಬರೆಯುತ್ತೇನೆ.
ರಾತ್ರಿ ಗ್ರಾಮು.

ಅಡುಗೆಮನೆ ತಕ್ಕಡಿ ನಾಲ್ಕು: ಒಂದು ನಮ್ಮದು,
ಒಂದು ಬೇಕರಿ ಅಫ್ಸರನದು,
ಉಳಿದೆರಡು ಯಾರವೆಂದು ಕೇಳಬೇಡಿ.
ಚಕ್ರಕ್ಕೊಂದರಂತೆ ಕೆಳಗಿಟ್ಟು
ಬ್ಯಾಟರಿಯನ್ನು ಅರ್ಧ ಬೆರಳು ಎಡಕ್ಕೆ ಸರಿಸಿದೆ.
ಸಾಲದು.
ಪಂಕ್ಚರ್ ಅಂಗಡಿಯ ಮುಂದೆ ಆರಿಸಿದ ಸೀಸದ ಚೂರನ್ನು
ತಟ್ಟಿ ಚಪ್ಪಟೆ ಮಾಡಿ ಎಡ ಪಕ್ಕೆಗೆ ಅಂಟಿಸಿದೆ.
ಬಲಗಡೆ ಹಿಂದಿನ ಸ್ಪ್ರಿಂಗು ಒಂದು ಸುತ್ತು ಬಿಗಿದರೆ
ಎಡಗಡೆ ಮುಂದಿನ ತಕ್ಕಡಿಯಲ್ಲಿ ಅಂಕಿ ಏರುತ್ತದೆ:
ಈ ಮೂಲೆಯಲ್ಲಿ ಕಿವಿ ಹಿಂಡಿದರೆ
ಆ ಮೂಲೆಯಲ್ಲಿ ಅಳು.

ಎಡ ಟೈರುಗಳನ್ನು ಮರಳುಕಾಗದಕ್ಕೆ ಉಜ್ಜಿ ಉಜ್ಜಿ
ಎರಡು ಮಿಲಿಮೀಟರು ಇಳಿಸಿದೆ.
ಗಿಡ್ಡ ಎತ್ತು ಕಟ್ಟಿದ ಕಡೆಗೆ ನೊಗ ವಾಲಿದಂತೆ
ಸ್ಟೇರಿಂಗು ಹೇಳುವ ಮೊದಲೇ ಗಾಡಿ ವಾಲುತ್ತದೆ.
ಮುಂದಿನ ಎರಡು ಚಕ್ರಗಳ ನೆತ್ತಿಯನ್ನೂ ಎಡಕ್ಕೆ ಬಾಗಿಸಿದೆ.
ಮೋಟಾರಿಗೆ ಒಂದು ಹಲ್ಲು ಹೆಚ್ಚಿನ ಗೇರು ಹಾಕಿದೆ,
ಕಿತ್ತೆ, ಮತ್ತೆ ಹಾಕಿದೆ,
ಬೆರಳಿಟ್ಟು ನೋಡಿ ಉಸ್ಸೆಂದು ಮತ್ತೆ ಕಿತ್ತೆ.

ಹನ್ನೊಂದಕ್ಕೆ ಬೀಡಿಗೆ ಬೆಂಕಿ ಕೇಳಲು ಬಂದ
ಹಮಾಲಿ ಕದಿರಪ್ಪ ಬಗ್ಗಿ ನೋಡಿದ:
‘ಏನ್ ಸಾಮಿ, ಒಂದ್ ಕಡೆ ಕಾಲು ಗಿಡ್ಡ,
ಒಂದ್ ಪಕ್ಕ ಭಾರ, ಕತ್ತು ಸೊಟ್ಟ.
ಚೆನ್ನಾಗಿರೋ ಗಾಡೀನ ಕೆಡಿಸಿ ಇಟ್ಟಿದ್ದೀಯಲ್ಲ!’

ಮೂವತ್ತು ವರ್ಷ ಅವನು ಕ್ರೇಟು ಹೊತ್ತದ್ದು
ಎಡ ಹೆಗಲಿಗೇ.
ಆ ಹೆಗಲು ಎರಡು ಬೆರಳು ಕೆಳಗಿದೆ.
ಟೇಲರ್ ಪೀರ್‌ಸಾಬು ಈಗ ಅಳತೆ ಹಿಡಿಯುವುದಿಲ್ಲ,
ಕತ್ತರಿಯೇ ಅಲ್ಲಿ ತಾನಾಗಿ ತಗ್ಗುತ್ತದೆ.
ಸುಮ್ಮನೆ ನಿಂತರೆ ಕದಿರಪ್ಪ
ಗೋಡೆಯಲ್ಲಿ ಓರೆಯಾದ ಕ್ಯಾಲೆಂಡರು.
ಹೊರೆ ಏರಿದ ಮೇಲೇ
ಅವನು ನೆಟ್ಟಗೆ ನಿಲ್ಲುವುದು.

ಇದನ್ನು ಅವನಿಗೆ ಹೇಗೆ ಹೇಳುವುದು?
ನಾಳೆ ಬಾ ಅಂದೆ,
ಬೆಂಕಿಪೊಟ್ಟಣ ಕೊಟ್ಟೆ.

ಆರು ಲಾರಿ. ಮೂವತ್ತು ಸುತ್ತು.
ಮೂರನೇ ತಿರುವಿನಲ್ಲಿ ಯಾರೂ ಒರೆಸದ
ಟೊಮೆಟೊ ರಸದ ಮಡು.
ಜಬೀವುಲ್ಲಾನ ದುಬಾರಿ ಗಾಡಿ,
ಪೆಟ್ಟಿಗೆಯಿಂದ ಬಂದ ಹಾಗೇ ನೆಟ್ಟಗೆ ಇದ್ದದ್ದು,
ಅಲ್ಲಿ ಜಾರಿ ಕೆಂಪು ಕ್ರೇಟಿಗೆ ಮುತ್ತಿಟ್ಟಿತು.
ನನ್ನದು ಸೊಂಟ ಹೂಡಿ, ಒಳಗಂಚು ಹಿಡಿದು,
ನೀಲಿಯನ್ನು ಸವರಿಕೊಂಡೇ ದಾಟಿತು,
ಪ್ರತಿ ಸಲವೂ ನನ್ನ ಹೊಟ್ಟೆಯೊಳಗೆ
ಏನೋ ಎಡಕ್ಕೆ ಸರಿದಂತಾಗುತ್ತಿತ್ತು.

ಗೆದ್ದದ್ದು ಮಾಲೂರು ಹೆಂಚಿನ ಕಾರ್ಖಾನೆಯ
ಎಲೆಕ್ಟ್ರಿಷಿಯನ್ ಸುಗುಣ.
ಸೀಸ ಎಲ್ಲಿ ಅಂಟಿಸಿದ್ದಾಳೆಂದು ಕೇಳಿದರೆ
ಗಾಡಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.
ನಾನು ಎರಡನೆಯವನು. ಸಾಕು.

ಎಲ್ಲ ಹೋದ ಮೇಲೆ ಕದಿರಪ್ಪ ಕೈ ಚಾಚಿದ.
‘ಒಂದ್ಸಲ. ಗೇಟಿನ ತನಕ, ನೆಟ್ಟಗೆ.’
ರಿಮೋಟು ಕೊಟ್ಟೆ.
ಸಿಮೆಂಟು ರಸ್ತೆಯಲ್ಲಿ ಹತ್ತು ಮಾರು ಓಡಿದ ಲಾರಿ
ಏನೋ ಮರೆತವರ ಹಾಗೆ ಕತ್ತು ಹೊರಳಿಸಿ
ದೊಡ್ಡದೊಂದು ಸುತ್ತು ಹಾಕಿ ಬಂದು
ಅವನ ಚಪ್ಪಲಿಗೆ ಮೂತಿ ತಾಗಿಸಿ ನಿಂತಿತು.

ಮತ್ತೊಮ್ಮೆ ಬಿಟ್ಟ. ಮತ್ತೊಮ್ಮೆ ಬಂತು.

ನಗಲಿಲ್ಲ ಅವನು.
ಬಗ್ಗಿ, ಎತ್ತಿ, ಯೋಚಿಸದೆ
ಎಡ ಹೆಗಲ ಮೇಲೆ ಇಟ್ಟುಕೊಂಡು ನಡೆದ.
ಟೀ ಅಂಗಡಿ ಇದ್ದದ್ದು ಬಲಕ್ಕೆ.